ವಾಣಿಜ್ಯ ಮತ್ತು ‘ಉದ್ಯೋಗ’ ಸಚಿವಾಲಯ? ಕೈಗಾರಿಕೆ, ಉದ್ಯಮ, ಉದ್ದಿಮೆಗಳ ಬಗ್ಗೆ ಒಂದು ಕೇಳಿಕೆ

ಬಳಗದ ಎಲ್ಲರಿಗೂ ನಮಸ್ಕಾರ.

ಅಡಿಕೆ ಬೆಳೆಗಾರರಿಗಾಗಿ ಬರುವ ಒಂದು ಸಣ್ಣ ಮಾಸಪತ್ರಿಕೆಯ ಕರಡು ತಿದ್ದುವ ಕೆಲಸ ನನ್ನದು. ಈ ತಿಂಗಳು ಬಂದ ಲೇಖನವೊಂದರಲ್ಲಿ ‘ಕೇಂದ್ರ ವಾಣಿಜ್ಯ ಮತ್ತು ಉದ್ಯೋಗ ಸಚಿವಾಲಯ’ ಎಂದಿದೆ. ಹಿಂದಿ ಪ್ರಕಟಣೆ ಮುಂದಿಟ್ಟುಕೊಂಡು ಬರೆದದ್ದು ಅಂತ ಆ ಒಂದು ಪದವೇ ಹೇಳುತ್ತದೆ. ಹಿಂದಿಯವರ ‘ಉದ್ಯೋಗ್’ ನಮ್ಮ ಕೈಗಾರಿಕೆ; ನಮ್ಮ ಉದ್ಯೋಗ ಅವರಿಗೆ ‘ರೋಜ್‌ಗಾರ್’. ಹಾಗೇ ಬಿಟ್ಟರೆ ಓದುಗರು ನೇರವಾಗಿ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯದ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅದೇ ಬೇರೆ ಸಚಿವಾಲಯ. ದಿಲ್ಲಿಯ ‘ಉದ್ಯೋಗ್ ಭವನ್’ ಹೆಸರು ಕೇಳಿ ಅಲ್ಲಿ ಕೆಲಸಕ್ಕೆ ಅರ್ಜಿ ತೆಗೆದುಕೊಳ್ಳುತ್ತಾರೆ ಅಂದುಕೊಂಡ ಪದವೀಧರರು ನಮ್ಮಲ್ಲಿ ಕಡಿಮೆ ಇರಲಿಕ್ಕಿಲ್ಲ.

ಸಂಸ್ಕೃತದ ಮೂಲ ಅರ್ಥ ಪ್ರಯತ್ನ, ಸನ್ನಾಹ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ಸಿಗುವುದಿಲ್ಲ, ಯುದ್ಧಕ್ಕೆ ತಯಾರಿ ನಡೆಯುತ್ತದೆ. ಅಲ್ಲಿಂದ ಹಿಂದಿ ಕಾರ್ಖಾನೆಯ ಕಡೆ ಹೋಯಿತು, ಕನ್ನಡ ಸಂಬಳದ ಕಡೆ ಬಂತು. ಆದರೆ ನಾವೂ ಹಳೆಯ ಅರ್ಥವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ‘ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿ’ ಎನ್ನುವಾಗ ಉದ್ಯೋಗವೆಂದರೆ ಕೈಗಾರಿಕೆಯೇ. ‘ಗ್ರಾಮೀಣ ಉದ್ಯೋಗ ಖಾತ್ರಿ’ ಎನ್ನುವಾಗ ಕೂಲಿ ಕೆಲಸ. ಒಂದೇ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಎರಡೂ ಫಲಕ ಕಾಣಸಿಗಬಹುದು, ಯಾರಿಗೂ ಗೊಂದಲವಾಗುವುದಿಲ್ಲ. ಹಾಗಿದ್ದರೂ ಸಚಿವಾಲಯದ ಹೆಸರಿಗೆ ಉದ್ಯೋಗ ಬೇಡ ಎಂದೇ ನನ್ನ ಅಭಿಪ್ರಾಯ. ‘ಕೈಗಾರಿಕಾ’ ಎಂದು ತಿದ್ದಿದ್ದೇನೆ.

ತಿದ್ದಿದ ಮೇಲೆ ಶುರುವಾದದ್ದು ಇನ್ನೊಂದು ತಲೆನೋವು. ಕೈಗಾರಿಕೆ ಅಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಪೀಣ್ಯದ ಶೆಡ್ಡು, ಭದ್ರಾವತಿಯ ಚಿಮಣಿ. ಈ ಸಚಿವಾಲಯದಲ್ಲಿ ಅವು ಹೆಚ್ಚು ಸಿಗುವುದಿಲ್ಲ. ಬೃಹತ್ ಕೈಗಾರಿಕೆಗೆ ಬೇರೆ ಸಚಿವಾಲಯ, ಉಕ್ಕಿಗೆ ಬೇರೆ (2024ರಿಂದ ಎರಡೂ ಎಚ್.ಡಿ. ಕುಮಾರಸ್ವಾಮಿಯವರ ಕೈಯಲ್ಲಿವೆ), ಜವಳಿಗೆ ಬೇರೆ, ಸಣ್ಣ ಘಟಕಗಳಿಗೆ ಎಂಎಸ್‌ಎಂಇ ಸಚಿವಾಲಯ. ಕಾರ್ಖಾನೆ ಕಾರ್ಮಿಕರ ಸುರಕ್ಷತೆಯ ಕಾನೂನು ಕಾರ್ಮಿಕ ಸಚಿವಾಲಯದ ಪಾಲು. ಹಾಗಾಗಿ ಪತ್ರಿಕೆಗಳು ಬರಿದೆ ‘ಕೇಂದ್ರ ಕೈಗಾರಿಕಾ ಸಚಿವರು’ ಎಂದು ಬರೆದಾಗ ಈ ಸಚಿವಾಲಯದ ಪೀಯೂಷ್ ಗೋಯಲ್ ಅವರೋ ಕುಮಾರಸ್ವಾಮಿಯವರೋ ಎಂದು ಸುದ್ದಿಯ ಒಳಗೆ ಹೊಕ್ಕು ಹುಡುಕಬೇಕು.

ಮತ್ತೆ ಇಲ್ಲಿ ಇರುವುದೇನು? ಎರಡು ಇಲಾಖೆ. ಒಂದು ವಾಣಿಜ್ಯ ಇಲಾಖೆ: ರಫ್ತು, ಆಮದು, ಬೇರೆ ದೇಶಗಳೊಂದಿಗಿನ ವ್ಯಾಪಾರ ಒಪ್ಪಂದ, ವಿಶೇಷ ಆರ್ಥಿಕ ವಲಯ. ಕಾಫಿ ಮಂಡಳಿ, ಸಾಂಬಾರ ಮಂಡಳಿ, ರಬ್ಬರ್ ಮಂಡಳಿ, ತಂಬಾಕು ಮಂಡಳಿಗಳೂ ಇದರ ಅಡಿಯಲ್ಲೇ ಬರುತ್ತವೆ, ಕೃಷಿ ಸಚಿವಾಲಯದಲ್ಲಿ ಅಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಗಿಡದ ರೋಗ ನೋಡುವ ವಿಜ್ಞಾನಿಗೂ ಕೊನೆಗೆ ಮೇಲಧಿಕಾರಿ ವಾಣಿಜ್ಯ ಸಚಿವಾಲಯ! ಇನ್ನೊಂದು ಇಲಾಖೆಗೆ 1995ರಲ್ಲಿ ಇಟ್ಟದ್ದು ಕೈಗಾರಿಕಾ ನೀತಿಯ ಹೆಸರು. 2019ರಲ್ಲಿ ಗ್ರಾಹಕ ವ್ಯವಹಾರಗಳ ಕಡೆಯಿಂದ ಆಂತರಿಕ ವ್ಯಾಪಾರವನ್ನು ಇತ್ತ ತಂದು ‘ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ’ ಎಂದು ಹೆಸರು ಬದಲಿಸಿದರು. ಪೇಟೆಂಟು, ಟ್ರೇಡ್‌ಮಾರ್ಕು, ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕಿದ ಜಿಐ (ಭೌಗೋಳಿಕ ಗುರುತು) ನೋಂದಣಿ, ಸ್ಟಾರ್ಟ್‌ಅಪ್ ಮಾನ್ಯತೆ, ವಿದೇಶಿ ಬಂಡವಾಳದ ನೀತಿ ಎಲ್ಲವೂ ಇಲ್ಲಿಯವು. ಕೋರಮಂಗಲದಲ್ಲಿ ನಾಲ್ಕು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಕಂಪನಿಯನ್ನು ಕೈಗಾರಿಕೆ ಅಂದರೆ ಅವರೇ ನಗುತ್ತಾರೆ.

ಇದಕ್ಕೆ ‘ಉದ್ಯಮ’ ಸರಿಹೋಗುತ್ತದೆ. ಚಿತ್ರೋದ್ಯಮ, ಪ್ರವಾಸೋದ್ಯಮ ಅನ್ನುತ್ತೇವೆ; ಪ್ರವಾಸ ಕೈಗಾರಿಕೆ ಅಂತ ಯಾರೂ ಅನ್ನುವುದಿಲ್ಲ. ಹುಬ್ಬಳ್ಳಿಯವರು ತಮ್ಮ ಸಂಸ್ಥೆಗೆ ‘ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ’ ಎಂದು ಒಂದೇ ಉಸಿರಿನ ಹೆಸರಿಟ್ಟುಕೊಂಡಿದ್ದಾರೆ, ಬಾಯಿಗೂ ಹಿತ. ಆದರೆ ಉದ್ಯಮಕ್ಕೆ ತನ್ನದೇ ತೊಡಕುಂಟು: 2020ರಿಂದ ಸಣ್ಣ ಘಟಕಗಳ ನೋಂದಣಿಯ ಹೆಸರೇ ‘ಉದ್ಯಮ್’, ಮಾಡುವುದು ಎಂಎಸ್‌ಎಂಇ ಸಚಿವಾಲಯ. ಉದ್ದಿಮೆಯಂತೂ ಇನ್ನೂ ಜಾರುತ್ತದೆ. ‘ಸಾರ್ವಜನಿಕ ಉದ್ದಿಮೆ’ ಎಂದರೆ ಸರ್ಕಾರಿ ಕಂಪನಿ. ನಗರಸಭೆಯ ‘ಉದ್ದಿಮೆ ಪರವಾನಗಿ’ ಬೇಕರಿಗೂ ಬೇಕು, ಕಟಿಂಗ್ ಶಾಪಿಗೂ ಬೇಕು.

ಸಚಿವಾಲಯವೋ ಮಂತ್ರಾಲಯವೋ ಎಂಬ ಹಳೆಯ ಚರ್ಚೆಗೆ ನಾನು ಕೈಹಾಕುವುದಿಲ್ಲ. ಹಿಂದಿಯವರು ಮಂತ್ರಾಲಯ ಅನ್ನಲಿ. ನಮಗೆ ಅದು ರಾಯರ ಮಠ, ರಾಯಚೂರಿನಿಂದ ಬಸ್ಸಿದೆ.

ಲೇಖನದ ಅಸಲು ವಿಷಯಕ್ಕೆ ಬರುತ್ತೇನೆ, ಪದ ತಪ್ಪಿದರೆ ಪೆಟ್ಟು ಬೀಳುವುದು ಅಲ್ಲಿ. 2023ರ ಫೆಬ್ರುವರಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಹೇಳುವ ಡಿಜಿಎಫ್‌ಟಿ, ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಹೊರದೇಶದಿಂದ ಒಳಗೆ ಬರುವಂತಿಲ್ಲ ಎಂಬುದಷ್ಟೇ ಇದರ ಅರ್ಥ. ಲೇಖಕರು ‘ಸರ್ಕಾರ ಅಡಿಕೆಗೆ 351 ರೂ. ಕನಿಷ್ಠ ಬೆಲೆ ನಿಗದಿ ಮಾಡಿದೆ’ ಎಂದು ಬರೆದಿದ್ದಾರೆ. ಸಿರ್ಸಿಯ ಬೆಳೆಗಾರ ಅದನ್ನು ಬೆಂಬಲ ಬೆಲೆ ಎಂದು ಓದಿಕೊಂಡು ಮಂಡಿಯಲ್ಲಿ ಜಗಳ ತೆಗೆದರೆ ತಪ್ಪು ಅವನದಲ್ಲ. ಇನ್ನೊಂದು ಕಡೆ ‘ವಾಣಿಜ್ಯ ಸಚಿವಾಲಯ ಆಮದು ಸುಂಕ ಹೆಚ್ಚಿಸಬೇಕು’ ಎಂಬ ಬೇಡಿಕೆ ಇದೆ. ಸುಂಕದ ಅಧಿಸೂಚನೆ ಹೊರಡಿಸುವುದು ಹಣಕಾಸು ಸಚಿವಾಲಯ; ಬರಲಿ, ಬೇಡ, ಇಂಥ ಬೆಲೆಗಿಂತ ಮೇಲಿದ್ದರೆ ಬರಲಿ ಎನ್ನುವುದು ವಾಣಿಜ್ಯ ಸಚಿವಾಲಯ. ಈರುಳ್ಳಿಯಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು: 2023ರ ಆಗಸ್ಟಿನಲ್ಲಿ ರಫ್ತಿಗೆ ಶೇ 40 ಸುಂಕ ಹಾಕಿದ್ದು ಹಣಕಾಸಿನವರು, ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿದ್ದು ಡಿಜಿಎಫ್‌ಟಿ. ಎರಡಕ್ಕೂ ನಮ್ಮ ಪತ್ರಿಕೆಗಳಲ್ಲಿ ‘ಕೇಂದ್ರದ ನಿರ್ಬಂಧ’ ಎಂಬ ಒಂದೇ ತಲೆಬರಹ. ಮನವಿ ಯಾರಿಗೆ ಕೊಡಬೇಕು ಅಂತ ಸಂಘದವರಿಗೆ ಗೊತ್ತಾಗುವುದು ಹೇಗೆ?

ನಾನು ಸದ್ಯ ಇಟ್ಟುಕೊಂಡಿರುವ ಏರ್ಪಾಡು ಇದು. ಸಚಿವಾಲಯದ ಹೆಸರಲ್ಲಿ ರೂಢಿಯಂತೆ ‘ವಾಣಿಜ್ಯ ಮತ್ತು ಕೈಗಾರಿಕಾ’. ವರದಿಯ ಒಳಗೆ ಅಡಿಕೆ-ಕಾಫಿ ವಿಷಯವಾದರೆ ಬರೀ ‘ವಾಣಿಜ್ಯ ಸಚಿವಾಲಯ’. ಕಂಪನಿಗಳ ಮಾತು ಬಂದಾಗ ‘ಉದ್ಯಮ’. ಕೇಂದ್ರದ ‘ವಾಣಿಜ್ಯ ಇಲಾಖೆ’ ಎಂದು ಬಿಡಿಯಾಗಿ ಬರೆಯುವುದನ್ನು ತಪ್ಪಿಸುತ್ತಿದ್ದೇನೆ, ಏಕೆಂದರೆ ಅಂಗಡಿಯವರಿಗೆ ಅದು ಜಿಎಸ್‌ಟಿ ನೋಟಿಸು ಕಳಿಸುವ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ.

ಗೊತ್ತಿದ್ದವರು ಎರಡು ವಿಷಯಕ್ಕೆ ಉತ್ತರಿಸಬೇಕು. ಕನಿಷ್ಠ ಆಮದು ಬೆಲೆಗೆ ಬೆಂಬಲ ಬೆಲೆಯ ನೆರಳು ಬೀಳದ ಪದ ಯಾರಾದರೂ ಬಳಸುತ್ತಿದ್ದೀರಾ? ‘ಆಮದು ಬೆಲೆಮಿತಿ’ ಎಂದು ಹಾಕಿ ನೋಡಿದೆ, ಮಿತಿ ಎಂದರೆ ಮೇಲಿನ ಗೆರೆ ಎಂದು ಓದಿಕೊಳ್ಳುತ್ತಾರೆ. ಎರಡನೆಯದು ‘ಆಂತರಿಕ ವ್ಯಾಪಾರ’. ಆಂತರಿಕ ಎಂದರೆ ಮನೆಯೊಳಗಿನ ಗುಟ್ಟು ಅನಿಸುತ್ತದೆ. ‘ಒಳನಾಡು’ ಎನ್ನೋಣ ಎಂದರೆ ಅದನ್ನು ಮೀನುಗಾರಿಕೆಯವರು ಮೊದಲೇ ಹಿಡಿದಿಟ್ಟುಕೊಂಡಿದ್ದಾರೆ. ‘ದೇಶದೊಳಗಿನ ವ್ಯಾಪಾರ’ ಎಂದು ಬಿಡಿಸಿ ಬರೆದರೆ ಇಲಾಖೆಯ ಹೆಸರು ಎರಡು ಸಾಲಿಗೆ ಹೋಗುತ್ತದೆ, ನಮ್ಮದು ಎರಡು ಕಾಲಮಿನ ಪುಟ. ಅಚ್ಚಿಗೆ ಇನ್ನೂ ವಾರವಿದೆ.