ಡ್ರಮ್ಸ್‌ನಲ್ಲಿ ಫಿಲ್ ಮುಗಿಸಿ ಸಮಕ್ಕೆ (ಆವರ್ತದ ಮೊದಲ ಎಣಿಕೆಗೆ) ಬರುವಾಗ ಪ್ರತಿಸಲವೂ ಮುಂಚೆಯೇ ಬಂದುಬಿಡುತ್ತೇನೆ: ಪರಿಹಾರವೇನು?

ಹೊಸಕೋಲು:

ನಮಸ್ಕಾರ. ಮೈಸೂರಿನ ಬಾಡಿಗೆ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಒಂದನ್ನು ಇಟ್ಟುಕೊಂಡು, ಗುರುಗಳಿಲ್ಲದೆ ಏಳು ತಿಂಗಳಿನಿಂದ ಕಲಿಯುತ್ತಿದ್ದೇನೆ. ಹೈ-ಹ್ಯಾಟ್ (ಪೆಡಲಿರುವ ಜೋಡಿ ಲೋಹದ ತಟ್ಟೆ) ಮೇಲೆ ಎಂಟು ಪೆಟ್ಟು, ಒಂದು ಮತ್ತು ಮೂರನೆಯ ಎಣಿಕೆಗೆ ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್), ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಬರುವ ಸಾಮಾನ್ಯ ಗ್ರೂವನ್ನು ನಿಮಿಷಕ್ಕೆ 80 ಎಣಿಕೆಯ ವೇಗದಲ್ಲಿ ಹತ್ತು ನಿಮಿಷ ನುಡಿಸಿದರೂ ಮೆಟ್ರೊನೋಮ್ (ಎಣಿಕೆಗೊಮ್ಮೆ ಟಿಕ್ ಎನ್ನುವ ಸಾಧನ) ಬಿಟ್ಟು ಕದಲುವುದಿಲ್ಲ. ತೊಂದರೆಯಿರುವುದು ನಾಲ್ಕನೆಯ ಆವರ್ತದಲ್ಲಿ. ಸ್ನೇರ್, ಎರಡು ಟಾಮ್‌ಗಳು, ಕೊನೆಗೆ ಫ್ಲೋರ್ ಟಾಮ್, ಹೀಗೆ ಒಂದೊಂದರ ಮೇಲೆ ನಾಲ್ಕರಂತೆ ಹದಿನಾರು ಪೆಟ್ಟಿನ ಫಿಲ್ (ಗ್ರೂವ್ ಬಿಟ್ಟು ನಡುವೆ ತುಂಬುವ ಅಲಂಕಾರ) ಹಾಕಿ ಸಮದಲ್ಲಿ ಕ್ರ್ಯಾಶ್‌ಗೆ (ಜೋರಾಗಿ ಮೊಳಗುವ ಲೋಹದ ತಟ್ಟೆಗೆ) ಬಂದರೆ, ಮೆಟ್ರೊನೋಮಿನ ಟಿಕ್ ನನ್ನ ಪೆಟ್ಟಾದ ಮೇಲೆ ಕೇಳಿಸುತ್ತದೆ. ಕೈ ಹತೋಟಿಯಲ್ಲಿಲ್ಲವೆಂದು ತಿಳಿದು ಎರಡು ತಿಂಗಳಿನಿಂದ ದಿನಕ್ಕೆ ಅರ್ಧ ಗಂಟೆ ಪ್ರ್ಯಾಕ್ಟೀಸ್ ಪ್ಯಾಡ್ ಬಾರಿಸುತ್ತಿದ್ದೇನೆ, ಏನೂ ಬದಲಾಗಿಲ್ಲ.

ಪ್ಯಾಡ್‌ಪ್ರಿಯ:

ಪ್ಯಾರಡಿಡಲ್ ಅಭ್ಯಾಸ ಮಾಡಿ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬುದು ಮೂರು ತಿಂಗಳಲ್ಲಿ ಎರಡೂ ಕೈಗಳನ್ನು ಸಮ ಮಾಡುತ್ತದೆ.

ಚತುರಶ್ರ:

ಪ್ಯಾರಡಿಡಲ್ ಒಳ್ಳೆಯದೇ, ಆದರೆ ಈ ಕಾಯಿಲೆಗೆ ಅದು ಮದ್ದೆಂದು ನನಗೆ ಅನಿಸುವುದಿಲ್ಲ. ರೂಢಿಯಲ್ಲಿರುವ 40 ರೂಡಿಮೆಂಟ್‌ಗಳನ್ನೂ (ಕೋಲಿನ ಮೂಲ ಪಾಠಗಳನ್ನೂ) ಕಲಿತವರು ಫಿಲ್‌ನಲ್ಲಿ ಓಡುವುದನ್ನು ಕಂಡಿದ್ದೇನೆ. ಮೊದಲು ಅಳತೆ ಮಾಡೋಣ. ನಿಮಿಷಕ್ಕೆ 80ರ ವೇಗವೆಂದರೆ ಒಂದು ಎಣಿಕೆಗೆ 0.75 ಸೆಕೆಂಡು, ನಾಲ್ಕು ಎಣಿಕೆಯ ಆವರ್ತಕ್ಕೆ ಸರಿಯಾಗಿ 3 ಸೆಕೆಂಡು. ನಿಮ್ಮ ಫಿಲ್ ಧ್ವನಿಮುದ್ರಿಸಿ, ಕಂಪ್ಯೂಟರಿನಲ್ಲಿ ಅಲೆಯ ಚಿತ್ರವನ್ನು ಹಿಗ್ಗಿಸಿ, ಪ್ರತಿ ನಾಲ್ಕು ಪೆಟ್ಟಿಗೆ ಎಷ್ಟು ಸಮಯ ಹಿಡಿದಿದೆಯೆಂದು ನೋಡಿ. ಅದಾದ ಮೇಲೆ ಅದೇ ಹದಿನಾರು ಪೆಟ್ಟನ್ನು ಎಲ್ಲಿಗೂ ಸರಿಯದೆ ಸ್ನೇರ್ ಒಂದರ ಮೇಲೆಯೇ ನುಡಿಸಿ ಮತ್ತೊಮ್ಮೆ ಅಳೆಯಿರಿ. ಇನ್ನೊಂದು ವಿಷಯ: ನೀವು ಕೂರುವುದು ಯಾವುದರ ಮೇಲೆ?

ಹೊಸಕೋಲು:

ಅಳೆದೆ. ಸ್ನೇರ್ ಮೇಲಿನ ಮೊದಲ ನಾಲ್ಕು ಪೆಟ್ಟಿಗೆ 0.74 ಸೆಕೆಂಡು, ಮೊದಲ ಟಾಮ್‌ಗೆ 0.70, ಎರಡನೆಯದಕ್ಕೆ 0.66, ಫ್ಲೋರ್ ಟಾಮ್‌ಗೆ 0.60, ಒಟ್ಟು 2.70. ಸ್ನೇರ್ ಒಂದರಲ್ಲೇ ನುಡಿಸಿದಾಗ 2.95 ಬಂತು. ಕೂರುವುದು ಊಟದ ಮೇಜಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅದಕ್ಕೆ ಕೈಗಳೂ ಇವೆ.

ಚತುರಶ್ರ:

ಹಾಗಿದ್ದರೆ ನಿಮ್ಮ ಕೈಗಳ ತಪ್ಪಿಲ್ಲ. ಇದ್ದಲ್ಲೇ ನುಡಿಸಿದರೆ ಸರಿ ಬರುವುದು, ಬಲಕ್ಕೆ ಸರಿದಷ್ಟೂ ಓಡುತ್ತಿದೆ. ಸರಿಯುವುದಕ್ಕೆ ಸಮಯ ಬೇಕಾಗುವುದರಿಂದ ತಡವಾಗಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ತಡವಾದೀತೆಂಬ ಅಳುಕಿನಿಂದಲೇ ಕಲಿಯುವವರು ಮುಂದಿನ ಡ್ರಮ್ಮಿಗೆ ಮೊದಲೇ ಹಾರುತ್ತಾರೆ.

ನಾನು ಡ್ರಮ್ಸಿಗೆ ಬರುವ ಮುಂಚೆ ಕೆಲವು ವರ್ಷ ಮೃದಂಗ ಕಲಿತವನು. ಸಂಗೀತದ ಆರಂಭದ ಪಾಠವಾದ ಸರಳೆ ವರಸೆಯನ್ನು ಮೊದಲ ಕಾಲದಲ್ಲಿ (ವೇಗದಲ್ಲಿ) ನೆಟ್ಟಗೆ ಹಾಡುವ ಮಕ್ಕಳು ಎರಡನೆಯ ಕಾಲಕ್ಕೆ ಬಂದೊಡನೆ ಸ್ವರದ ಜೊತೆಗೆ ತಾಳ ಹಾಕುವ ಕೈಯನ್ನೂ ಓಡಿಸಿಬಿಡುತ್ತಾರೆ. ಮೇಷ್ಟ್ರು ಆ ಕೈಯನ್ನು ಹಿಡಿದು ತಾವೇ ತಾಳ ಹಾಕಿಸುವುದನ್ನು ನೀವೂ ನೋಡಿರಬಹುದು. ನಿಮ್ಮ ಗ್ರೂವ್‌ನಲ್ಲಿ ಎಣಿಕೆಗೆ ಎರಡು ಪೆಟ್ಟು, ಫಿಲ್‌ನಲ್ಲಿ ನಾಲ್ಕು, ಅಂದರೆ ನೀವು ಮಾಡುತ್ತಿರುವುದೂ ಕಾಲ ಬದಲಾವಣೆಯೇ. ಅಲ್ಲಿ ತಾಳ ಹಾಕುವ ಕೈ ಯಾವುದು? ಡ್ರಮ್ಸ್ ನುಡಿಸುವವರಿಗೆ ಅದು ಎಡಗಾಲು. ಫಿಲ್ ನುಡಿಸುವಾಗ ನಿಮ್ಮ ಎಡಗಾಲನ್ನು ಫೋನಿನಲ್ಲಿ ವಿಡಿಯೊ ಮಾಡಿ ನೋಡಿ. ಕುರ್ಚಿಯ ಕೈಗೆ ಬಲ ಮೊಣಕೈ ತಾಗದಂತೆ ಸೊಂಟ ತಿರುಗಿಸುತ್ತಿದ್ದೀರಿ, ಅದರೊಂದಿಗೆ ಎಡಗಾಲು ಹೈ-ಹ್ಯಾಟ್ ಪೆಡಲಿನಿಂದ ಎದ್ದುಬಿಡುತ್ತಿದೆ ಎಂಬುದು ನನ್ನ ಊಹೆ.

ಹೊಸಕೋಲು:

ಎದ್ದುಬಿಡುವುದು ನಿಜ! ಎರಡನೆಯ ಟಾಮ್ ಬರುವಷ್ಟರಲ್ಲಿ ಹಿಮ್ಮಡಿ ಪೆಡಲಿನ ಹೊರಗೆ ನೆಲದ ಮೇಲಿರುತ್ತದೆ. ಏಳು ತಿಂಗಳಲ್ಲಿ ಒಮ್ಮೆಯೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಚತುರಶ್ರ:

ಕುರ್ಚಿಯನ್ನು ಊಟದ ಮೇಜಿಗೇ ಹಿಂದಿರುಗಿಸಿ. ಕೈಯಿಲ್ಲದ, ಅಲುಗಾಡದ ಸ್ಟೂಲ್ ಸಾಕು; ಕುಳಿತಾಗ ತೊಡೆ ಸೊಂಟದಿಂದ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಎತ್ತರ ಸಾಲದಿದ್ದರೆ ಗಟ್ಟಿ ದಿಂಬನ್ನು ಇಟ್ಟುಕೊಳ್ಳಿ, ಮೆತ್ತನೆಯದು ಬೇಡ.

ನಂತರ ಕೋಲನ್ನು ಕೆಳಗಿಟ್ಟು, ಮೆಟ್ರೊನೋಮನ್ನು 60ಕ್ಕೆ ಇಟ್ಟು, ಎಡಗಾಲಿನಿಂದ ಪ್ರತಿ ಎಣಿಕೆಗೂ ಪೆಡಲ್ ಒತ್ತುತ್ತಾ ಬಾಯಲ್ಲಿ ಮೂರು ಆವರ್ತ ‘ತಕ, ತಕ, ತಕ, ತಕ’ ಎಂದೂ ನಾಲ್ಕನೆಯದರಲ್ಲಿ ‘ತಕದಿಮಿ’ ಎಂದು ನಾಲ್ಕು ಸಲವೂ ಹೇಳಿ. ಕಾಲಿನ ಸದ್ದು ಒಂದೇ ಸಮನಾಗಿರಬೇಕು, ಬಾಯಿ ಮಾತ್ರ ಇಮ್ಮಡಿಯಾಗಬೇಕು. ನಾಚಿಕೆಯಾಗುತ್ತದೆಯೆಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಡಿ, ಏಕೆಂದರೆ ಮನಸ್ಸಿನಲ್ಲಿ ನುಂಗಿದ ಅಕ್ಷರ ಯಾರಿಗೂ ಕೇಳುವುದಿಲ್ಲ, ನಿಮಗೂ ಕೇಳುವುದಿಲ್ಲ. ಅದು ನೆಲೆಗೊಂಡ ಮೇಲೆ ಅಕ್ಷರ ಬಿಡದೆ ಕೈಯನ್ನು ಸೇರಿಸಿ. ‘ತ’ ಎಂದಾಗಲೆಲ್ಲ ಹೊಸ ಡ್ರಮ್ ಸಿಗುತ್ತದೆ. ಕೊನೆಗೆ 80ಕ್ಕೆ ಬಂದು, ನುಡಿಸುವ ವೇಗ ಬದಲಿಸದೆ ಮೆಟ್ರೊನೋಮನ್ನು ಮಾತ್ರ 20ಕ್ಕೆ ಇಳಿಸಿ. ಆಗ 3 ಸೆಕೆಂಡಿಗೊಮ್ಮೆ, ಸಮದಲ್ಲಿ ಮಾತ್ರ ಟಿಕ್ ಬರುತ್ತದೆ. ನಡುವಿನ ಹದಿನಾರು ಪೆಟ್ಟಿನ ಹೊಣೆ ಪೂರ್ತಿ ನಿಮ್ಮದು.

ಬಾಡಿಗೆ ಮನೆ ಎಂದಿರಿ. ಎಲೆಕ್ಟ್ರಾನಿಕ್ ಸೆಟ್ಟಾದರೂ ಕಾಲಿನ ಗುದ್ದು ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಪೆಡಲುಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ಅಷ್ಟಿಷ್ಟು ತಗ್ಗೀತು.

ಹೊಸಕೋಲು:

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಸ್ಟೂಲ್ ಬಂತು, ಕಾಲು ಪೆಡಲಿನ ಮೇಲೆ ನಿಂತಿತು, ಮನೆಯವರು ‘ತಕದಿಮಿ’ ಕೇಳಿ ಸಾಕಾಗಿದ್ದಾರೆ. ಫಿಲ್ ಈಗ 2.97 ಸೆಕೆಂಡು. ಆದರೆ ಹೊಸ ತೊಂದರೆಯೊಂದು ಶುರುವಾಗಿದೆ: ಬಲ ತುದಿಯ ಫ್ಲೋರ್ ಟಾಮ್‌ನಿಂದ ಎಡಗಡೆಯ ಕ್ರ್ಯಾಶ್‌ಗೆ ಬಲಗೈ ತಲುಪುವಷ್ಟರಲ್ಲಿ ಸಮ ದಾಟಿಹೋಗುತ್ತದೆ. ಕಿಕ್ ಸರಿಯಾಗಿ ಬೀಳುತ್ತದೆ, ಕ್ರ್ಯಾಶ್ ಅದರ ಹಿಂದೆ ಬರುತ್ತದೆ.

ಚತುರಶ್ರ:

ಬಲಗೈಯಿಂದ ಆರಂಭಿಸಿ ಕೈ ಬದಲಿಸುತ್ತಾ ನುಡಿಸುತ್ತಿದ್ದೀರಾದರೆ ಹದಿನಾರನೆಯ ಪೆಟ್ಟು ಎಡಗೈಯದು. ಹದಿನೈದನೆಯ ಪೆಟ್ಟಾದೊಡನೆ ಬಲಗೈಯ ಕೆಲಸ ಮುಗಿಯಿತು. ಎಡಗೈ ‘ಮಿ’ ನುಡಿಸುವುದನ್ನು ಕಾಯುತ್ತಾ ಅದನ್ನು ಫ್ಲೋರ್ ಟಾಮ್ ಮೇಲೆಯೇ ನಿಲ್ಲಿಸಿಕೊಳ್ಳಬೇಡಿ, ‘ದಿ’ ಆದ ಕೂಡಲೇ ಹೊರಡಿಸಿ. 80ರ ವೇಗದಲ್ಲಿ ಎರಡು ಪೆಟ್ಟಿನ ಕಾಲ, ಅಂದರೆ 0.375 ಸೆಕೆಂಡು, ನಿಮ್ಮ ಕೈಯಲ್ಲಿದೆ.

ಹೊಸಕೋಲು:

ಇವತ್ತು ಸಂಜೆ ಇಪ್ಪತ್ತು ಸಲ ನುಡಿಸಿದೆ, ಹದಿನಾರು ಸಲ ಕಿಕ್ ಮತ್ತು ಕ್ರ್ಯಾಶ್ ಒಟ್ಟಿಗೆ ಬಿದ್ದವು. ಉಳಿದ ನಾಲ್ಕು ಸಲ ‘ತಕದಿಮಿ’ ಹೇಳುವುದನ್ನು ಮರೆತಿದ್ದೆ.