ಹಳೇ ಎಂಟಿಬಿಗೆ ರಿಜಿಡ್ ಫೋರ್ಕ್: ಎಷ್ಟು ಉದ್ದದ್ದು ಹಾಕಿಸಲಿ?

ಪ್ರಶ್ನೆ (ಬೆಂಗಳೂರು): ನನ್ನದು 2008ರ ಸುಮಾರಿನ 26 ಇಂಚಿನ ಹಾರ್ಡ್‌ಟೇಲ್ ಎಂಟಿಬಿ (ಮೌಂಟನ್ ಬೈಕ್), ಅಂದರೆ ಶಾಕಪ್ ಮುಂದೆ ಮಾತ್ರ. ಮುಂದಿನ ಶಾಕಪ್ 80 ಎಂಎಂದು, ಅಂದರೆ ಅಷ್ಟು ಕುಸಿಯುವಂಥದ್ದು. ಸ್ಪ್ರಿಂಗ್ ಸತ್ತಿದೆ, ಒಂದು ಕಾಲಿನಿಂದ ಎಣ್ಣೆ ಜಿನುಗುತ್ತಿದೆ. ಓಡಾಟ ಆಫೀಸಿಗೆ, ಭಾನುವಾರ ತುರಹಳ್ಳಿ ಕಡೆ ಮಣ್ಣಿನ ದಾರಿ. ರಿಪೇರಿ ಬೇಡ, ಸ್ಟೀಲ್ ರಿಜಿಡ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ, ಸ್ಪ್ರಿಂಗ್ ಇಲ್ಲದ ಕವಲು) ಹಾಕೋಣ ಅಂತಿದ್ದೇನೆ. ನೋಡಿದರೆ 400, 415, 440, 450 ಅಂತ ನಾಲ್ಕಾರು ಅಳತೆ ಇವೆ. ಹಾಕಿಸಿದವರು ಇದ್ದರೆ ಹೇಳಿ.

ಮೈಸೂರಿನಿಂದ: ಮೊದಲು ಎಲ್ಲಿಂದ ಎಲ್ಲಿಗೆ ಅಳೀಬೇಕು ಅನ್ನೋದು ನೋಡಿ. ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ ಜೋಡಿ) ಕೆಳಗಿನ ಬೇರಿಂಗ್ ಕೂರುವ ರೇಸ್ ಅನ್ನೋ ಬಳೆ ಇರುತ್ತದಲ್ಲ, ಅಲ್ಲಿಂದ ಆಕ್ಸಲ್ ನಡುವಿನವರೆಗೆ. ಆಕ್ಸಲ್-ಟು-ಕ್ರೌನ್ ಅಂತ ಬರೆದಿರುವುದು ಇದೇ. ಹ್ಯಾಂಡಲ್ ಕಡೆ ಹೋಗುವ ಕೊಳವೆ ಇದರಲ್ಲಿ ಸೇರುವುದಿಲ್ಲ. 80 ಎಂಎಂ ಶಾಕಪ್ಪಿಗೆ ಇದು ಸಾಮಾನ್ಯವಾಗಿ 450ರ ಆಸುಪಾಸು ಬರುತ್ತದೆ, 100 ಎಂಎಂದಾದರೆ 470.

ಆದರೆ ಅದು ಖಾಲಿ ಸೈಕಲ್ಲಿನ ಅಳತೆ. ಶಾಕಪ್ ಸರಿಯಿದ್ದರೆ ನೀವು ಕೂತ ತಕ್ಷಣ ಸ್ವಲ್ಪ ಕುಸಿಯುತ್ತದೆ. 80ರಲ್ಲಿ 16ರಿಂದ 20 ಎಂಎಂ ಅಂತ ಇಟ್ಟುಕೊಳ್ಳಿ. ಸೈಕಲ್ ಓಡುವುದು ಆ ಕುಸಿದ ಎತ್ತರದಲ್ಲಿ. ರಿಜಿಡ್ ಕುಸಿಯೋದಿಲ್ಲ, ಹಾಗಾಗಿ ಆ ಕುಸಿತವನ್ನು ಕಳೆದೇ ಕೊಳ್ಳಬೇಕು. ನಿಮಗೆ 430–435 ಬೇಕು. 425 ಸಿಕ್ಕರೂ ನಡೆಯುತ್ತೆ, 440 ಸಿಕ್ಕರೂ ನಡೆಯುತ್ತೆ. ಐದು ಹತ್ತು ಎಂಎಂಗೆ ಸುಮ್ನೆ ತಲೆ ಕೆಡಿಸ್ಕೋಬೇಡಿ.

ಧಾರವಾಡದಿಂದ: ಮೈಸೂರಿನವರ ಲೆಕ್ಕ ಸರಿ ಇದೆ ರೀ. ಆದರೆ ಇವರ ಸ್ಪ್ರಿಂಗ್ ಸತ್ತಿದೆ, ಅದನ್ನು ಮರೀಬಾರದು. ಸತ್ತ ಶಾಕಪ್ ನಿಂತಲ್ಲೇ ಕುಸಿದು ಕೂತಿರುತ್ತದೆ. ಅದನ್ನು ಹಾಗೇ ಅಳೆದು, ಮತ್ತೆ 20 ಕಳೆದರೆ ತೀರಾ ಗಿಡ್ಡ ಫೋರ್ಕ್ ಮನೆಗೆ ಬರುತ್ತದೆ. ಮುಂದಿನ ಚಕ್ರ ಎತ್ತಿ, ಕೆಳಗೆ ಪೂರ್ತಿ ಎಳೆದು, ಆಮೇಲೆ ಟೇಪ್ ಹಿಡೀರಿ.

ಉದ್ದ ಬದಲಾದರೆ ಏನಾಗುತ್ತದೆ ಅಂತ ಕೊಳ್ಳುವ ಮೊದಲೇ ನೋಡಬಹುದು. 20 ಎಂಎಂ ದಪ್ಪದ ಹಲಗೆಯನ್ನು ಹಿಂದಿನ ಚಕ್ರದ ಕೆಳಗಿಟ್ಟು, ಗೋಡೆ ಹಿಡಿದು ಸೈಕಲ್ ಮೇಲೆ ಕೂತ್ಕೊಳ್ಳಿ. ಸೀಟಿನ ಮೂಗು ತಗ್ಗುತ್ತದೆ, ಅಂಗೈ ಮೇಲೆ ಭಾರ ಬೀಳುತ್ತದೆ. 20 ಎಂಎಂ ಗಿಡ್ಡ ಫೋರ್ಕ್ ಹಾಕಿದರೆ ಸೈಕಲ್ ಬಾಗುವುದು ಇಷ್ಟೇ. ಹೆಡ್ ಆ್ಯಂಗಲ್ (ಹ್ಯಾಂಡಲ್ ಕೊಳವೆಯ ಓರೆ) ಸುಮಾರು 1 ಡಿಗ್ರಿ ನೆಟ್ಟಗಾಗುತ್ತದೆ. ಉದ್ದ ಜಾಸ್ತಿಯಾದರೆ ಇದರ ಉಲ್ಟಾ: ಏರಿನಲ್ಲಿ ಮುಂದಿನ ಚಕ್ರ ಅತ್ತ ಇತ್ತ ಅಲೆಯುತ್ತದೆ.

ಶಿವಮೊಗ್ಗದಿಂದ: ನಮ್ಮ ಭಾವಮೈದುನ ಹೀಗೇ ಒಂದು ಹಳೇ ಸೈಕಲ್ಲಿನಿಂದ ಬಿಚ್ಚಿದ ಫೋರ್ಕ್ ತಂದು ಹಾಕಿಸಿದ. 400ರ ಒಳಗಿನದ್ದು. 90ರ ದಶಕದ ಶುರುವಿನ ಎಂಟಿಬಿಗಳು ಶಾಕಪ್ ಇಲ್ಲದೆಯೇ ತಯಾರಾದವು, ಅವುಗಳ ಫೋರ್ಕ್ ಹೆಚ್ಚಾಗಿ 390–400. ಆ ಫ್ರೇಮಿಗೆ ಅದೇ ಸರಿ, 80 ಎಂಎಂ ಶಾಕಪ್ಪಿಗೆ ಅಂತ ಮಾಡಿದ ಫ್ರೇಮಿಗೆ ಅಲ್ಲ. ಟಾರ್ ರೋಡಿನಲ್ಲಿ ಅವನಿಗೆ ಖುಷಿಯೋ ಖುಷಿ, ಹ್ಯಾಂಡಲ್ ಮುಟ್ಟಿದರೆ ಸಾಕು ತಿರುಗುತ್ತೆ. ಕಾಡುದಾರಿಯ ಇಳಿಜಾರಿಗೆ ಹೋದಾಗ ಗೊತ್ತಾಯಿತು. ಪೆಡಲ್ ಹೋಗಿ ಹೋಗಿ ಬೇರಿಗೆ, ಕಲ್ಲಿಗೆ ಬಡಿಯುತ್ತಿತ್ತು. ಮುಂದೆ 30 ಎಂಎಂ ತಗ್ಗಿದರೆ ಬಾಟಮ್ ಬ್ರಾಕೆಟ್ (ಪೆಡಲ್‌ಗಳು ತಿರುಗುವ ಅಚ್ಚಿನ ಜಾಗ) ಕೂಡ 12 ಎಂಎಂನಷ್ಟು ಇಳಿಯುತ್ತದೆ. ಉದ್ದ ಕಾಣೋದಿಲ್ಲ ಅಷ್ಟೇ, ಪೆಡಲ್‌ಗೆ ಗೊತ್ತಾಗುತ್ತೆ.

ಮಂಗಳೂರಿನಿಂದ: ಉದ್ದ ಸರಿ ಇದೆ ಅಂತ ಹೈಬ್ರಿಡ್ ಸೈಕಲ್ಲಿನ 700ಸಿ ಫೋರ್ಕ್ ತೋರಿಸಿದರೆ, ನಿಮ್ಮದು ವಿ-ಬ್ರೇಕ್ (ರಿಮ್ಮನ್ನೇ ಹಿಡಿಯುವ ಬ್ರೇಕ್) ಆದರೆ ಬೇಡ ಅನ್ನಿ. 26ರ ರಿಮ್ 559 ಎಂಎಂ, 700ಸಿದು 622. ಬ್ರೇಕ್ ಗಟ್ಟಿ ರಿಮ್ಮಿಗಿಂತ 3 ಸೆಂಟಿಮೀಟರ್ ಮೇಲೆ ಹೋಗಿ ನಿಲ್ಲುತ್ತದೆ. ಡಿಸ್ಕ್ ಇದ್ದರೆ ಫೋರ್ಕಿನಲ್ಲೇ ಡಿಸ್ಕ್ ಮೌಂಟ್ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ ಅಂಟಿಸಿ ಕೊಡ್ತೀವಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಬ್ರೇಕಿನ ಪೂರ್ತಿ ಎಳೆತ ಬೀಳುವುದು ಫೋರ್ಕಿನ ಎಡಗಾಲಿನ ಮೇಲೆ.

ಜರ್ಮನಿಯಿಂದ: ಉದ್ದದ ಜೊತೆ ಆಫ್‌ಸೆಟ್ (ಹ್ಯಾಂಡಲ್ ಕೊಳವೆಯ ಗೆರೆಗಿಂತ ಆಕ್ಸಲ್ ಎಷ್ಟು ಮುಂದಿದೆ ಅನ್ನೋದು) ಕೂಡ ಓದಿ. ಹಳೇ 26ರ ಶಾಕಪ್ಪುಗಳಲ್ಲಿ ಸುಮಾರು 40 ಎಂಎಂ ಇರುತ್ತದೆ, ರಿಜಿಡ್‌ಗಳಲ್ಲಿ 45 ಸಾಮಾನ್ಯ. ಆಫ್‌ಸೆಟ್ ಜಾಸ್ತಿಯಾದರೂ ಹ್ಯಾಂಡಲ್ ಚುರುಕಾಗುತ್ತದೆ, ಫೋರ್ಕ್ ಗಿಡ್ಡವಾದರೂ ಚುರುಕಾಗುತ್ತದೆ. ಎರಡೂ ಸೇರಿದರೆ ಇಳಿಜಾರಿನಲ್ಲಿ ಕೈ ನಡುಗುತ್ತದೆ. ಅದಕ್ಕೇ ನಾನಾದರೆ 425ಕ್ಕಿಂತ 440 ತಗೊಳ್ತೀನಿ. ತೂಕದ ಲಾಭವಂತೂ ಖಂಡಿತ. ಆ ಕಾಲದ ಸ್ಪ್ರಿಂಗ್ ಶಾಕಪ್ ಎರಡೂವರೆ ಕೆಜಿ ಹತ್ತಿರ, ಸ್ಟೀಲ್ ರಿಜಿಡ್ ಅದರ ಅರ್ಧ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಚಕ್ರ ಎತ್ತಿ, ಎಳೆದು ಅಳೆದೆ, 452 ಬಂತು. ಎರಡೂ ಬ್ರೇಕಿಗೆ ಆಗುವ 440ರ ಫೋರ್ಕ್ ಒಂದು ನೋಡಿದ್ದೇನೆ. ಅದನ್ನೇ ತರಿಸ್ತೀನಿ. ಕೈ ನೋಯುತ್ತಾ?

ಮೈಸೂರಿನಿಂದ: ಮೊದಮೊದಲು ನೋಯುತ್ತೆ. 2.1 ಅಥವಾ 2.25 ಟಯರ್ ಹಾಕಿ, ಗಾಳಿ 35 ಪಿಎಸ್‌ಐ ಹತ್ತಿರ ಇಡಿ, ಹಂಪ್‌ನಲ್ಲಿ ಸೀಟಿನಿಂದ ಸ್ವಲ್ಪ ಏಳಿ. ಇನ್ನೊಂದು ವಿಷಯ. ಹಳೇ ಫೋರ್ಕಿನ ಕ್ರೌನ್ ರೇಸ್ (ಮೊದಲೇ ಹೇಳಿದ ಕೆಳಗಿನ ಬೇರಿಂಗ್ ಕೂರುವ ಬಳೆ) ಬಿಚ್ಚಿ ಹೊಸದಕ್ಕೆ ಕೂರಿಸಬೇಕು. ಹ್ಯಾಂಡಲ್ ಕಡೆ ಹೋಗುವ ಕೊಳವೆ ನಿಮ್ಮದು ಬಹುಶಃ 1 1/8 ಇಂಚಿನದ್ದು. ಖಾತ್ರಿ ಮಾಡ್ಕೊಳ್ಳಿ. ಕೊಳವೆ ಕೊಯ್ಯಿಸುವ ಮುಂಚೆ ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಮತ್ತು ಎಲ್ಲ ಸ್ಪೇಸರ್ (ಎತ್ತರಕ್ಕೆ ಹಾಕುವ ಬಳೆಗಳು) ಹಾಕಿ ಗುರುತು ಮಾಡಿ. ಮೊದಲ ಸಲ ಒಂದೆರಡು ಸ್ಪೇಸರಿನಷ್ಟು ಉದ್ದವೇ ಇರಲಿ. ಹ್ಯಾಂಡಲ್ ಎತ್ತರ ಒಗ್ಗಿದ ಮೇಲೆ ಬೇಕಾದರೆ ಇನ್ನಷ್ಟು ಕೊಯ್ಯಬಹುದು, ಕೊಯ್ದದ್ದನ್ನು ಸೇರಿಸೋಕೆ ಆಗಲ್ಲ.