ಹೀಲಿಯಂ-3 ಪಿಎಚ್‌ಡಿ: ಪ್ರಯೋಗವಾ, ಲೆಕ್ಕವಾ? ಅನುಭವ ಇರುವವರು ಹೇಳಿ

ರಾಜಾಜಿನಗರದವಳು: ಎಂಎಸ್ಸಿ ಮುಗಿಯುತ್ತಿದೆ. ಯುರೋಪಿನ ಒಂದು ಲ್ಯಾಬಿನಲ್ಲಿ ಸೂಪರ್‌ಫ್ಲೂಯಿಡ್ (ಘರ್ಷಣೆಯಿಲ್ಲದೆ ಹರಿಯುವ) ಹೀಲಿಯಂ-3 ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ರೇಡಿಯೋ ಪಲ್ಸ್ ಕೊಟ್ಟು ಸ್ಪಿನ್‌ಗಳ ಸಿಗ್ನಲ್ ಕೇಳುವ) ಪ್ರಯೋಗಕ್ಕೆ ಕರೆದಿದ್ದಾರೆ. ಇಲ್ಲೇ ಬೆಂಗಳೂರಿನಲ್ಲಿ ಅದೇ ವಿಷಯದ ಕಂಪ್ಯೂಟರ್ ಲೆಕ್ಕಕ್ಕೂ ಸೀಟು ಸಿಕ್ಕಿದೆ. ಎರಡರಲ್ಲೂ ಪ್ರಶ್ನೆ ಒಂದೇ: ಒಟ್ಟಿಗೆ ಸುತ್ತುವ ಸ್ಪಿನ್‌ಗಳ (ಪರಮಾಣು ಬೀಜದ ಪುಟ್ಟ ಅಯಸ್ಕಾಂತಗಳ) ತಾಳ ಹೇಗೆ ತಪ್ಪುತ್ತದೆ. ಮನೆಯಲ್ಲಿ ಅಮ್ಮ ಒಬ್ಬರೇ. ಏನು ಮಾಡಲಿ?

ಇಂಡಿಯಂ ಸಂತ್ರಸ್ತ: ನಾನು ಪ್ರಯೋಗಕ್ಕೆ ಹೋದವನು. ಮೊದಲ ವರ್ಷದಲ್ಲಿ ಮೂರೂವರೆ ತಿಂಗಳನ್ನು ಒಂದು ಸೀಲ್ ತಿಂದುಹಾಕಿತು. ಹೊರಗಿದ್ದಾಗ ಲೀಕ್ ಇಲ್ಲ. ನೈಟ್ರೋಜನ್ ಹಾಕಿದಾಗಲೂ ಇಲ್ಲ. ಹೀಲಿಯಂ-4 ಸ್ನಾನ 2.17 ಕೆಲ್ವಿನ್‌ಗಿಂತ ಕೆಳಗೆ ಇಳಿದು ಸೂಪರ್‌ಫ್ಲೂಯಿಡ್ ಆಯಿತೋ, ಸೋರಿಕೆ ಶುರು. ಬಿಸಿ ಮಾಡು, ಬಿಚ್ಚು, ಸೀಲಿನ ಇಂಡಿಯಂ (ಮೆತ್ತನೆ ಲೋಹ) ತಂತಿ ಬದಲಿಸು, ಮತ್ತೆ ತಣ್ಣಗೆ ಮಾಡು. ಒಂದು ಸುತ್ತಿಗೆ 3 ವಾರ. ಹೀಗೆ 5 ಸುತ್ತು. ಆಮೇಲೆ ನೋಡಿದರೆ ತಾಮ್ರದ ಮೇಲೆ ಕೂದಲೆಳೆಯಷ್ಟು ಗೀರು. ಹಳೇ ಇಂಡಿಯಂ ಕೆರೆಯುವಾಗ ಬ್ಲೇಡಿನಿಂದ ಗೀರಿದವನು ನಾನೇ.

ಆದರೆ ಆ ಸಿಗ್ನಲ್! ಒಂದು ಪಲ್ಸ್ ಕೊಟ್ಟು ಕೈಕಟ್ಟಿ ಕೂರಬೇಕು. ನಾವು ಫ್ರೀಕ್ವೆನ್ಸಿ ಇಳಿಸಿ ಸ್ಪೀಕರಿಗೆ ಕೊಟ್ಟಿದ್ದೆವು. ಸದ್ದು ಕುಗ್ಗುತ್ತಾ ಹೋಗುತ್ತದೆ, ಸ್ವರ ಮಾತ್ರ ಏರುತ್ತದೆ, ನಲ್ಲಿ ಕೆಳಗೆ ಕೊಡ ತುಂಬುವಾಗ ಏರುತ್ತದಲ್ಲ, ಹಾಗೆ. ಮ್ಯಾಗ್ನಾನ್‌ಗಳು (ಸ್ಪಿನ್ ಅಲೆಯ ಕಣಗಳು) ತಾವೇ ತೋಡಿಕೊಂಡ ಗುಂಡಿ, ಅವು ಕಡಿಮೆಯಾದಂತೆ ಕಿರಿದಾಗುತ್ತದೆ, ಅದಕ್ಕೇ ಸ್ವರ ಏರುವುದು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿವಿಯವರಿಗೆ ಅರ್ಧ ಗಂಟೆಯ ಸಿಗ್ನಲ್ ಸಿಕ್ಕಿತ್ತು. ನನಗೆ 4 ನಿಮಿಷ. ಹೋಗು, ಯೋಚನೆ ಮಾಡಬೇಡ.

ನೂರಾನಾಲ್ಕು ಡಿಗ್ರಿ: 4 ನಿಮಿಷಕ್ಕೆ 6 ವರ್ಷ. ಒಳ್ಳೇ ವ್ಯಾಪಾರ. ನಾನು ಇಲ್ಲೇ ಲೆಕ್ಕ ಮಾಡಿದೆ, ಮನೆ ಊಟ ತಿಂದೆ. ಕಷ್ಟ ಇರಲಿಲ್ಲ ಅಂತಲ್ಲ. ಸೂಪರ್‌ಫ್ಲೂಯಿಡ್ ಹೀಲಿಯಂ-3ರ ಬಿ ಹಂತದಲ್ಲಿ ಸ್ಪಿನ್ ಸುಮಾರು 104 ಡಿಗ್ರಿ ವಾಲಿಕೊಂಡು ಸುತ್ತಬೇಕು. ನನ್ನ ಕೋಡಿನಲ್ಲಿ ಅದು ಹೋಗಿ 75.5ಕ್ಕೆ ಕೂರುತ್ತಿತ್ತು. 8 ತಿಂಗಳು ಗ್ರಿಡ್ ಬದಲಿಸಿದೆ, ಸ್ಟೆಪ್ ಚಿಕ್ಕದು ಮಾಡಿದೆ. ಕೊನೆಗೆ ಡೈಪೋಲ್ ಪದದಲ್ಲಿ (ಸ್ಪಿನ್ ಅಯಸ್ಕಾಂತಗಳ ಪರಸ್ಪರ ಸೆಳೆತದ ಲೆಕ್ಕ) ಕಾಲು ಅಂಶದ ಮುಂದೆ ಪ್ಲಸ್ ಬದಲು ಮೈನಸ್! ಅದನ್ನು ಸರಿಮಾಡಿ ಓಡಿಸಿದ 11ನೇ ದಿನ ಗುಡುಗು ಮಳೆ, ಕರೆಂಟ್ ಹೋಯಿತು. ಮಧ್ಯೆ ಎಲ್ಲೂ ಸೇವ್ ಮಾಡಿರಲಿಲ್ಲ.

ಇನ್ನೊಂದು. ಆ ಅರ್ಧ ಗಂಟೆಯ ಸಿಗ್ನಲ್ಲೂ 1984ರಲ್ಲಿ ಮಾಸ್ಕೋದವರು ಕಂಡ, ಇಡೀ ಪ್ರದೇಶದ ಸ್ಪಿನ್‌ಗಳು ಒಂದೇ ತಾಳದಲ್ಲಿ ಸುತ್ತುವ ಎಚ್‌ಪಿಡಿಯೂ ಬೇರೆ ಬೇರೆ. ಎಚ್‌ಪಿಡಿಯನ್ನು ತುಂಬಾ ತಣ್ಣಗೆ ಮಾಡಿದರೆ ದಿಢೀರ್ ಕುಸಿಯುತ್ತದೆ. ಸುತ್ತಾಟ ಒಡೆದು ಸ್ಪಿನ್ ಅಲೆಗಳಾಗುತ್ತದೆ. ಬೆಚ್ಚಗಿದ್ದಾಗ ಆ ಅಲೆಗಳನ್ನು ಸ್ಪಿನ್ ಡಿಫ್ಯೂಷನ್ (ಸ್ಪಿನ್ ಹರಡಿಕೊಳ್ಳುವುದು) ಅಮುಕಿಡುತ್ತದೆ. ತಣ್ಣಗಾದರೆ ಅವಕ್ಕೆ ಲಗಾಮಿಲ್ಲ. ಎರಡನ್ನೂ ಕಲಸಬೇಡಿ.

ಇಂಡಿಯಂ ಸಂತ್ರಸ್ತ: ನಾನೆಲ್ಲಿ ಎಚ್‌ಪಿಡಿ ಅಂದೆ? ಗುಂಡಿ ಅಂದೆ. ಓದಿ ಬರೀರಿ. ಆ ಕುಸಿತವನ್ನು ಮೊದಲು ಕಂಡಿದ್ದು ನಿಮ್ಮ ಕೋಡಾ? ಪ್ರಯೋಗದವರು. ಲೆಕ್ಕದವರು ವರ್ಷಗಟ್ಟಲೆ ಆದಮೇಲೆ ಬಂದು ವಿವರಿಸಿದರು.

ಗೋಡೆ ಗೆದ್ದವಳು: ಇಬ್ಬರೂ ಗೋಡೆ ಮರೆತಿರಿ. ಪಾತ್ರೆಯ ಗೋಡೆಗೆ ಗಟ್ಟಿ ಹೀಲಿಯಂ-3 ಪದರ ಅಂಟಿಕೊಂಡು ಸ್ಪಿನ್‌ಗಳನ್ನು ಕೆಡಿಸುತ್ತದೆ. ಸ್ವಲ್ಪ ಹೀಲಿಯಂ-4 ಒಳಗೆ ಬಿಟ್ಟರೆ ಆ ಪದರ ಜಾಗ ಖಾಲಿ ಮಾಡುತ್ತದೆ. ಎಷ್ಟು ಬಿಡಬೇಕು ಅನ್ನುವುದರಲ್ಲೇ ನನ್ನ 2 ವರ್ಷ ಹೋಯಿತು. ಒಂದು ರಾತ್ರಿ ಪಂಪಿನ ಬೆಲ್ಟ್ ಹರಿಯಿತು, ಹೀಲಿಯಂ-3 ಹೊರಗೆ ಹೋಗುತ್ತಾ ಅಂತ ಬೆಳಗಿನವರೆಗೆ ಗೇಜ್ ಮುಂದೆ ಕೂತಿದ್ದೆ. ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) 12.3 ವರ್ಷಕ್ಕೆ ಅರ್ಧ ಆಗಿ ಕೊಡುವ ಗ್ಯಾಸು ಅದು, ಅಂಗಡಿಯಲ್ಲಿ ಸಿಗಲ್ಲ. ಈಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್. ನಿದ್ದೆ ಚೆನ್ನಾಗಿ ಬರುತ್ತದೆ.

ನೂರಾನಾಲ್ಕು ಡಿಗ್ರಿ: ಬಿಟ್ಟು ಹೋದವರು ಸಲಹೆ ಕೊಡಬಾರದು.

ಗೋಡೆ ಗೆದ್ದವಳು: ಸೇವ್ ಮಾಡದವರು ಕೊಡಬಹುದಾ?

ರಾಜಾಜಿನಗರದವಳು: ಅಮ್ಮನ ವಿಷಯ ಯಾರೂ ಹೇಳಲಿಲ್ಲ.

ಇಂಡಿಯಂ ಸಂತ್ರಸ್ತ: ಅಮ್ಮನ ಹತ್ತಿರ ಸಾರಿನ ಪುಡಿ 2 ಕೆಜಿ ಮಾಡಿಸಿಕೋ, ವರ್ಷಕ್ಕೆ ಸಾಲಲ್ಲ. ಇಂಡಿಯಂ ಕೆರೆಯಲು ಬ್ಲೇಡ್ ಮುಟ್ಟಬೇಡ. ಮರದ ಕಡ್ಡಿ.

ಗೋಡೆ ಗೆದ್ದವಳು: ಮರದ ಕಡ್ಡಿಯ ಸಿಬಿರು ಸೀಲಿನಲ್ಲಿ ಉಳಿಯುತ್ತದೆ. ಪ್ಲಾಸ್ಟಿಕ್.